ಪಾಂಡಿಚೇರಿ ಮೀಟರಿನ ಗಾಡಿಯಲ್ಲಿ ಮಗಳನ್ನು ಕರೆತಂದದ್ದು

ಅರಕಲಗೂಡಿನಿಂದ ನಾವು ಹೊರಟದ್ದು ಬೆಳಗಿನ ತಂಪಿನಲ್ಲಿ. ನಾವು ಎಂದರೆ ನಾನು ಮತ್ತು ನನ್ನ ಡ್ರೈವರ್ ಕರೀಗೌಡ. ಹೋಗಬೇಕಾಗಿದ್ದು ಚನ್ನರಾಯಪಟ್ಟಣಕ್ಕೆ, ಮಗಳು ಗಿರಿಜೆಯನ್ನು ಹೆರಿಗೆಗೆ ಕರೆತರಲು. ಆದರೆ ಹೊಳೆನರಸೀಪುರದ ನೇರ ದಾರಿ ಬಿಟ್ಟು ಹಾಸನದ ದಾರಿ ಹಿಡಿದೆವು. ಯಾಕೆಂದರೆ ನನ್ನ ಗಾಡಿಯ ಸ್ಪೀಡಾಮೀಟರು ಕೆಟ್ಟಿತ್ತು, ಅದು ಸರಿಯಾಗದೆ ಮಗಳನ್ನು ಕಳಿಸುವುದಿಲ್ಲವೆಂದು ಬೀಗಿತ್ತಿ ನಂಜಮ್ಮನವರು ಹೇಳಿಕಳಿಸಿದ್ದರು.

ಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲು ಧಾರಾಳವಾಗಿ ಸಿಗುತ್ತಿತ್ತು. ಜವಳಿ ಅಂಗಡಿಯ ವ್ಯಾಪಾರ ಚೆನ್ನಾಗಿದ್ದ ವರ್ಷ, ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರು ಓಡಿಸಿ ಬಿಟ್ಟ ಹಳೇ ಮೋಟಾರನ್ನು ನಾನು ಕೊಂಡಿದ್ದೆ. ಕೊಂಡಾಗಲೇ ಅದರ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಗಾಡಿ ಓಡುತ್ತದಲ್ಲ, ಎಷ್ಟು ಓಡುತ್ತದೆ ಎಂದು ತಿಳಿದು ಏನಾಗಬೇಕು ಎಂದು ನಾನೂ ಸುಮ್ಮನಿದ್ದೆ.

ಹೋದ ವರ್ಷ, ಗಾಡಿ ಕೊಳ್ಳುವುದಕ್ಕೆ ಮೊದಲು, ಗಿರಿಜೆ ಐದು ತಿಂಗಳ ಬಸುರಿಯಾಗಿದ್ದಾಗ ಬಸ್ಸಿನಲ್ಲಿ ತವರಿಗೆ ಬಂದು ಹೋದಳು. ಆ ಗರ್ಭ ನಿಲ್ಲಲಿಲ್ಲ. ಬಸ್ಸಿನ ಕುಲುಕಾಟವೇ ಕಾರಣವೆಂದು ನಂಜಮ್ಮನವರು ನಂಬಿದರು; ಅಲ್ಲವೆನ್ನಲು ನಮಗೂ ಬಾಯಿರಲಿಲ್ಲ. ಈ ಸಲ ಡಾಕ್ಟರು, ‘ಕಾರಿನಲ್ಲಿ ಹೋಗಬಹುದು, ಗಂಟೆಗೆ ಹದಿನೈದು ಮೈಲಿ ಮೀರಬಾರದು’ ಎಂದಿದ್ದರಂತೆ. ನಂಜಮ್ಮನವರು ಆ ಹದಿನೈದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮಲ್ಲಿ ಏಳನೇ ತಿಂಗಳಲ್ಲಿ ಕರೆತರಬೇಕು, ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಯುಗಾದಿ ಅಮಾವಾಸ್ಯೆ ದಾಟಿದರೆ ಗಿರಿಜೆಗೆ ಎಂಟು. ಹಬ್ಬ ಎದುರಿಗೇ ಬಂದಿತ್ತು. ‘ಅಮ್ಮನ ಹತ್ತಿರವೇ ಹೆರಬೇಕು, ಇಲ್ಲಿ ನನಗೆ ಭಯ’ ಎಂದು ಅವಳು ಹೇಳಿಕಳಿಸಿದಾಗಿನಿಂದ ನನ್ನ ಹೆಂಡತಿ ಗೌರಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

ಹಾಸನ ಹದಿನೆಂಟು ಮೈಲಿ. ಪೇಟೆಯ ಹೋಟೆಲಿನಲ್ಲಿ ದೋಸೆ ತಿಂದು, ಎರಡೆರಡು ಲೋಟ ಕಾಫಿ ಕುಡಿದು, ಮೋಟಾರು ಷೆಡ್ಡಿಗೆ ಹೋದೆವು. ಮೇಸ್ತ್ರಿ ಕೆಳಗೆ ತೂರಿ, ಮೇಲೆ ಬಂದು, ಕೈ ಒರೆಸಿಕೊಂಡ.

“ಇದು ರಿಪೇರಿ ಆಗೋ ಮಾಲಲ್ಲ ಸಾವ್ಕಾರ್ರೇ. ಒಳಗೆ ಹಲ್ಲೆಲ್ಲಾ ಸವೆದ್ಹೋಗಿದೆ. ಇದರ ಜೋಡಿ ಬೇಕಂದ್ರೆ ಮದರಾಸಿಂದ ತರಿಸ್ಬೇಕು, ತಿಂಗಳಾಗ್ತದೆ.”

“ತಿಂಗಳಾದ್ರೆ ನನ್ ಮಗಳಿಗೆ ಎಂಟು ತುಂಬ್ತದಲ್ಲಪ್ಪಾ!”

ಮೋಟಾರಿನ ಮೀಟರಿಗೂ ನನ್ನ ಮಗಳ ತಿಂಗಳಿಗೂ ಏನು ಸಂಬಂಧವೆಂದು ಅವನಿಗೆ ಹೊಳೆಯಲಿಲ್ಲ. ಪೂರ್ತಿ ಕಥೆ ಹೇಳಬೇಕಾಯಿತು. ಕೇಳಿ, ಪಾಪ, ಮೂಲೆಯಲ್ಲಿ ಬಿಚ್ಚಿಹಾಕಿದ್ದ ಇನ್ನೊಂದು ಗಾಡಿಯಿಂದ ಮೀಟರು ತೆಗೆದುಕೊಟ್ಟ. ಪಾಂಡಿಚೇರಿಯಿಂದ ಬಂದ ಗಾಡಿಯಂತೆ. ನಮ್ಮ ಗಾಡಿಯ ಚಕ್ರದ ಕಡೆಯಿಂದ ಬರುವ ತಂತಿಯ ತುದಿ ಅದರೊಳಗೆ ಕೂರಲಿಲ್ಲ. ತುಂಡು ಹಿತ್ತಾಳೆ ಕೊರೆದು ಕೊಳವೆ ಮಾಡಿ ಸೇರಿಸಿದ. ಅಂಕಿಗಳು ನನಗೆ ಗುರುತು ಸಿಕ್ಕವು, ಕೆಳಗೆ ಬರೆದಿದ್ದ ಪುಟ್ಟ ಅಕ್ಷರ ಮಾತ್ರ ಯಾವ ಭಾಷೆಯೋ ತಿಳಿಯಲಿಲ್ಲ. ಮುಳ್ಳು ಎದ್ದು ಕುಣಿದದ್ದೇ ಸಂತೋಷವಾಗಿ ಅವನು ಕೇಳಿದ್ದನ್ನು ಚೌಕಾಸಿ ಮಾಡದೆ ಕೊಟ್ಟೆ. ನಾನು ಚೌಕಾಸಿ ಮಾಡಲಿಲ್ಲವೆಂದರೆ ಗೌರಮ್ಮ ಇವತ್ತಿಗೂ ನಂಬುವುದಿಲ್ಲ.

ಗೊಂದಲ ಶುರುವಾದದ್ದು ಚನ್ನರಾಯಪಟ್ಟಣದ ರಸ್ತೆಯಲ್ಲಿ. ಮಾಮೂಲಿನಂತೆಯೇ ಹೋಗುತ್ತಿದ್ದೆವು; ಮುಳ್ಳು ನಲವತ್ತು ತೋರಿಸಿತು.

“ನಿಧಾನ ಕಣಯ್ಯಾ, ಸಾಯಿಸ್ತೀಯೇನು?” ಎಂದೆ.

“ಅಯ್ಯೋ, ಎತ್ತಿನಂಗೆ ಓಯ್ತಾ ಇವ್ನಿ ಸಾ! ಈ ಮುಂಡೇದು ಸುಳ್ಳು ಯೋಳ್ತದೆ.”

ಮೀಟರಿನಲ್ಲಿ ದೂರ ಎಣಿಸುವ ಕಿಂಡಿಯೂ ಇತ್ತು; ಹೊರಡುವಾಗ ಮೇಸ್ತ್ರಿ ಅದನ್ನು ಸೊನ್ನೆಗೆ ತಿರುಗಿಸಿದ್ದ. ರಸ್ತೆಯ ಮೈಲಿಕಲ್ಲು ಹಾಸನದಿಂದ ಇಪ್ಪತ್ತು ಎನ್ನುವಾಗ ಅದು ಮೂವತ್ತು ದಾಟಿ ಕೂತಿತ್ತು. ಇಬ್ಬರೂ ಇಳಿದು ಕಲ್ಲಿನ ಮುಂದೆ ನಿಂತೆವು.

“ಕಲ್ಲು ಯಾಕೆ ಸುಳ್ಳು ಯೋಳದು ಸಾ? ನೆಟ್ಟಿದ್ ಜಾಗದಲ್ಲೇ ನಿಂತದೆ.”

“ನೆಟ್ಟ ಕಂಟ್ರಾಕ್ಟರು ಸರಿಯಾಗಿ ನೆಟ್ಟವ್ನೇನು? ಕಲ್ಲು ಉಳಿಸಾಕೆ ದೂರ ದೂರ ನೆಟ್ಟವ್ನೆ.”

ಹೀಗೆ ಹೇಳಿದ್ದು ನಾನೇ. ಅದು ಕಿಲೋಮೀಟರಿನ ಮೀಟರು, ಫ್ರೆಂಚರ ಲೆಕ್ಕ, ಅವರ ಎಂಟು ನಮ್ಮ ಐದು ಮೈಲಿಗೆ ಸಮ ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ, ನಮ್ಮೂರ ಪೋಸ್ಟ್ ಮಾಸ್ತರರಿಂದ. ಒಂದೇ ದಾರಿಗೆ ಎರಡು ಉದ್ದ ಹೇಗಿರುತ್ತದೆ ಎಂದು ಅವರ ಜೊತೆಗೂ ಜಗಳವಾಡಿದೆ. ಅವತ್ತಂತೂ ಹೊಸ ಮೀಟರೇ ನಿಜ, ಸರ್ಕಾರದ ಕಲ್ಲೇ ತಪ್ಪು ಎಂದು ತೀರ್ಮಾನಿಸಿ ಗಾಡಿ ಹತ್ತಿದೆ.

ಬೀಗರದು ಕೊಬ್ಬರಿ ವ್ಯಾಪಾರ. ಅಳಿಯ ಮಾಲು ಹಾಕಲು ತಿಪಟೂರಿಗೆ ಹೋಗಿದ್ದರು. ಗಿರಿಜೆ ಬಾಗಿಲಲ್ಲೇ ನಿಂತಿದ್ದಳು. ಮುಖ ತುಂಬಿಕೊಂಡಿತ್ತು, ಕಾಲು ಊದಿತ್ತು. ಒಬ್ಬಟ್ಟಿನ ಊಟ ಹಾಕಿದ ನಂಜಮ್ಮನವರು ಮೀಟರಿನ ಮಾತೇ ಎತ್ತಲಿಲ್ಲ. ಬಚಾವಾದೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಅವರೇ ಬಂದು ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತಿದ್ದಾರೆ!

“ನಡಿಯಪ್ಪ ಗೌಡ, ಕೆರೆ ಏರಿ ಗಂಟ ಓಗಿ ಬರೋಣ.”

ಓಡಿಸಿದ್ದಾಯಿತು. ಮುಳ್ಳು ಹದಿನೈದಕ್ಕೆ ಬಂದಾಗ, “ಇಷ್ಟೇ. ಇದರ ಮ್ಯಾಕೆ ಒಂದು ಕೂದಲೆಳೆ ಓಗಂಗಿಲ್ಲ,” ಎಂದರಂತೆ. ಬಂದು ಇಳಿದವರು ವಿಭೂತಿ ಗಟ್ಟಿ ತಂದು ನನ್ನ ಮುಂದೆ ಹಿಡಿದರು.

“ಮುಟ್ಟಿ ಆಣೆ ಮಾಡಿ ಬೀಗ್ರೇ. ನೀವು ಆತುರದ ಮನುಸ್ರು ಅಂತ ನಂಗೊತ್ತು. ಓದ ಸಲ ಆ ಕೂಸ್ನ ನನ್ ಕೈಯಾರ ಮಣ್ಣಿಗಿಟ್ಟಿವ್ನಿ.”

ಅವರ ಕಣ್ಣು ತುಂಬಿತ್ತು. ನಾನು ವಿಭೂತಿ ಮುಟ್ಟಿದೆ.

ಮಡಿಲು ತುಂಬಿ, ರಾಹುಕಾಲ ಕಳೆದು, ನಾವು ಹೊಳೆನರಸೀಪುರದ ದಾರಿ ಹಿಡಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಮುಂದೆ, ಗಿರಿಜೆ ಹಿಂದೆ. ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ ಕುಳಿತೆ. “ಹದಿನಾರು ಬಂತು! ಹದಿನಾರು ಕಣಯ್ಯಾ!” ಎಂದು ನಾನು ಕೂಗುವುದು, ಕರೀಗೌಡ ಬ್ರೇಕು ತುಳಿಯುವುದು, ಗಾಡಿ ಜಗ್ಗುವುದು. ಕೊಬ್ಬರಿ ಮೂಟೆ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, “ತಳ್ಬೇಕಾ ಸಾ?” ಎಂದ. ಮರ್ಯಾದೆ ಮೂರುಕಾಸಾಯಿತು. ಗೇರು ಇಳಿಸಿ ಇಳಿಸಿ ಎಂಜಿನ್ನು ಕುದಿಯಿತು. ಎರಡು ಕಡೆ ನಿಲ್ಲಿಸಿ ನೀರು ಹೊಯ್ದೆವು. ಮೊದಲೆಲ್ಲ ಇದೇ ದಾರಿ ಇದೇ ಗಾಡಿಯಲ್ಲಿ ಅಷ್ಟು ಬೇಗ ಮುಗಿಯುತ್ತಿತ್ತಲ್ಲ, ಹಾಗಾದರೆ ಅದುವರೆಗೆ ನಾವು ಯಾವ ವೇಗದಲ್ಲಿ ಸಾಯಲು ಓಡುತ್ತಿದ್ದೆವು? ನನಗೆ ತಲೆಬುಡ ತಿಳಿಯಲಿಲ್ಲ.

ಹೊಳೆನರಸೀಪುರ ಇನ್ನೂ ಕಾಣುವ ಮೊದಲೇ ಹಿಂದಿನಿಂದ ಗಿರಿಜೆ, “ಅಪ್ಪಾಜಿ, ಗಾಡಿ ನಿಲ್ಸಿ,” ಎಂದಳು.

ಆ ದನಿ ಕೇಳಿ ನನ್ನ ಜೀವ ಬಾಯಿಗೆ ಬಂತು. ಮುಗಿಯಿತು, ಮತ್ತೆ ಹಾಗೇ ಆಯಿತು ಎಂದುಕೊಂಡೆ. ಹಣೆಯ ಮೇಲೆ ಬೆವರು, ಕೆಳತುಟಿ ಕಚ್ಚಿದ್ದಳು. ಕೈ ಹಿಡಿದು ಹೊಂಗೆ ಮರದ ಕೆಳಗೆ ಇಳಿಸಿದೆ.

“ಏನಾಯ್ತು ತಾಯಿ? ನೋವಾ?”

“ನೋವಲ್ಲ, ಸೊಂಟ ಇಡ್ಕಂಡದೆ. ನೀವು ಅದ್ನಾರು ಅಂದಾಗ್ಲೆಲ್ಲಾ ಗಾಡಿ ಜಗ್ಗಿ ನಾನು ಮುಂದಕ್ಕೆ ಬೀಳ್ತೀನಿ. ಈ ಬಿಸಿಲಲ್ಲಿ ಇಂಗೇ ತೆವಳಿದ್ರೆ ನಾನು ದಾರೀಲೇ ಹೆರ್ತೀನಿ.”

“ವಿಭೂತಿ ಮುಟ್ಟಿವ್ನಲ್ಲಮ್ಮ...”

“ನೀವು ಮುಟ್ಟಿದ್ದು ನಾನು ಸುಖವಾಗಿ ಮನೆ ಸೇರ್ಲಿ ಅಂತ ತಾನೇ? ಹೊಂಟಾಗಿಂದ ಒಂದು ಸಲನಾದ್ರೂ ತಿರುಗಿ ನನ್ ಮಕ ನೋಡಿದ್ರಾ?”

ನೋಡಿರಲಿಲ್ಲ. ಕರೀಗೌಡ ರೇಡಿಯೇಟರಿನ ಹತ್ತಿರ ಏನೋ ಕೆಲಸವಿದ್ದವನಂತೆ ಆಚೆ ಹೋದ.

“ಇಂದಕ್ಕೆ ಬಂದು ನನ್ ಪಕ್ಕ ಕೂತ್ಕಳಿ,” ಎಂದಳು. “ನನ್ ಕೈ ಇಡ್ಕಳಿ. ನಾನು ಬಿಗಿ ಇಡುದ್ರೆ ನಿಧಾನ ಅನ್ನಿ. ಬುಟ್ರೆ ಓಗ್ಲಿ.”

ಆಣೆ ತಪ್ಪಿದರೆ ಪಾಪ, ಮಗಳ ಮಾತು ಮೀರಿದರೂ ಪಾಪ. ಯಾವುದು ಹೆಚ್ಚೆಂದು ತೂಗುವ ತಕ್ಕಡಿ ನನ್ನ ಹತ್ತಿರ ಇರಲಿಲ್ಲ. ಶಿವಾ, ನೀನೇ ನೋಡಿಕೋ ಎಂದು ಹಿಂದೆ ಹೋಗಿ ಕುಳಿತೆ. ಮದುವೆಯಲ್ಲಿ ಧಾರೆ ಎರೆದ ಮೇಲೆ ಅವಳ ಕೈ ಹಿಡಿದದ್ದು ಅವತ್ತೇ. ಗಾಡಿ ಹೊರಟಿತು. ಹಳ್ಳ ಬಂದಾಗ ಬೆರಳು ಬಿಗಿಯುತ್ತಿತ್ತು, “ನಿಧಾನ” ಎನ್ನುತ್ತಿದ್ದೆ. ಸಮ ದಾರಿಯಲ್ಲಿ ಸಡಿಲವಾಗುತ್ತಿತ್ತು, ಕರೀಗೌಡ ತನಗೆ ತಿಳಿದಂತೆ ಓಡಿಸುತ್ತಿದ್ದ. ಗಾಳಿ ಆಡಿತು. ಅವಳ ಹಣೆಯ ಬೆವರು ಆರಿತು. ಹೊಳೆನರಸೀಪುರದಲ್ಲಿ ಎಳನೀರು ಕುಡಿಸಿದೆ. “ಉಪ್ಪಿನಕಾಯಿ ತಿನ್ಬೇಕು ಅನ್ನಿಸ್ತದೆ,” ಎಂದು ನಕ್ಕಳು. ಹೋಟೆಲಿನವರನ್ನು ಕಾಡಿ ಬೇಡಿ ಎಲೆಯಲ್ಲಿ ಎರಡು ಹೋಳು ತಂದುಕೊಟ್ಟೆ.

ಅರಕಲಗೂಡು ಒಂದೆರಡು ಮೈಲಿ ಇರುವಾಗ ಅವಳ ಕೈ ಪೂರ್ತಿ ಸಡಿಲವಾಯಿತು. ಬೆಚ್ಚಿ ನೋಡಿದರೆ, ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಕೈ ಬಿಟ್ಟರೆ ಓಡಿಸಬೇಕು ಎಂದು ಅವಳೇ ಹೇಳಿದ್ದು. ನಿದ್ದೆಯಲ್ಲಿ ಬಿಟ್ಟರೆ? ಅದನ್ನು ಹೇಳಿರಲಿಲ್ಲ. ಕರೀಗೌಡ ತಿರುಗಿ, “ಎಂಗೆ ಸಾ?” ಎಂದ.

“ನಂಗೊತ್ತಿಲ್ಲ ಕಣಯ್ಯಾ. ಎಬ್ಬಿಸ್ದಂಗೆ ಓಗು.”

ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ನಿಂತೆವು. ಗೌರಮ್ಮ ಆರತಿ ತಟ್ಟೆ ಹಿಡಿದು ಓಡಿಬಂದಳು. ನಾನು ಇಳಿಯಲಿಲ್ಲ.

“ಯಾಕ್ರೀ, ಇಳೀರಿ! ಏನಾಯ್ತು ನನ್ ಮಗಿಗೆ?”

“ಮೆತ್ತಗೆ ಮಾತಾಡೇ. ಮಲಗವ್ಳೆ.”

ಅವಳು ಒಳಗೆ ಬಗ್ಗಿ ನೋಡಿದಳು. ಆಮೇಲೆ ತಟ್ಟೆಯನ್ನು ಗಾಳಿಗೆ ಸೆರಗು ಮರೆಮಾಡಿ ಹಿಡಿದುಕೊಂಡು, ಮಗಳು ತಾನಾಗಿ ಏಳುವವರೆಗೂ ಗಾಡಿಯ ಬಾಗಿಲ ಹತ್ತಿರವೇ ನಿಂತಳು.