ಮಾವನವರ ಮೀಸೆಗೆ ನನ್ನ ಬ್ರಷ್ಷು

ನನ್ನ ಹಲ್ಲುಜ್ಜುವ ಬ್ರಷ್ಷಿನ ಎಳೆಗಳು ದಿಕ್ಕಿಗೊಂದರಂತೆ ಬಾಗಿ, ಆಗತಾನೇ ನಿದ್ದೆಯಿಂದೆದ್ದವನ ತಲೆಗೂದಲಿನಂತೆ ಕಾಣುತ್ತಿದ್ದುದನ್ನು, ಓದುಗ ಮಿತ್ರರೇ, ನಾನು ಅಲ್ಲಗಳೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಬ್ರಷ್ಷು ಬದಲಿಸಬೇಕೆಂಬ ಉಪದೇಶವನ್ನು ಬ್ರಷ್ಷು ಮಾರುವವರೇ ಹುಟ್ಟಿಸಿರಬೇಕೆಂದು ನನಗೆ ಗುಮಾನಿ. ಸವೆದು ಸವೆದು ಮೆತ್ತಗಾದದ್ದೇ ಒಸಡಿಗೆ ಹಿತವೆಂಬುದು ನನ್ನ ಸಿದ್ಧಾಂತ. ಚಳ್ಳಕೆರೆಯ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾದ ನನ್ನ ಮಾತಿಗೆ ಮನೆಯಲ್ಲಿ ಮಾತ್ರ ಕಿಮ್ಮತ್ತಿರಲಿಲ್ಲ.

"ಅದ್ರಾಗೆ ಏನೈತ್ರೀ ಉಳಿದಿರೋದು? ಎಸೀರಿ ಅತ್ಲಾಗೆ" ಎಂದು ಹೆಂಡತಿ ನಾಗವೇಣಿ ದಿನವೂ ಗದರುತ್ತಿದ್ದಳು.

ನಾನು ಎಸೆಯಲಿಲ್ಲ. ಅದಕ್ಕೆ ಬಲವಾದ ಕಾರಣವಿತ್ತು. ತಿಂಗಳಿಗೊಂದೆರಡು ಸಲ ಹಲ್ಲುಜ್ಜುವಾಗ ನೊರೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಹೊಸ ಬ್ರಷ್ಷಿಗೆ ಎಟುಕದ ಹಳೆಯ ಕೊಳೆಯನ್ನೆಲ್ಲ ನನ್ನ ಬ್ರಷ್ಷು ಕಿತ್ತು ತರುತ್ತಿದೆಯೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನಾಗವೇಣಿಯ ತಂದೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು, ಮನೆಮಾತು ತೆಲುಗು; ನನ್ನನ್ನು ಕರೆಯುವುದೂ 'ಅಲ್ಲುಡು', ಅಂದರೆ ಅಳಿಯ, ಎಂದೇ. ತಿಂಗಳಿಗೊಮ್ಮೆ ಬಂದು ಮಗಳ ಮನೆಯಲ್ಲಿ ಎರಡು ದಿನ ಇದ್ದು ಹೋಗುತ್ತಾರೆ. ಎಪ್ಪತ್ತು ದಾಟಿದರೂ ಅವರ ಮೀಸೆ ಕಡುಗಪ್ಪು. ಕಳೆದ ವರ್ಷ ಒಮ್ಮೆ ಬಂದಾಗ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದರೆ, ಮಾವನವರು ಕನ್ನಡಿಯ ಮುಂದೆ ನಿಂತು, ಸೀರೆಯ ಅಂಚಿಗೆ ಕೊಡುವಷ್ಟೇ ಗಮನ ಕೊಟ್ಟು ಮೀಸೆಗೆ ಬಣ್ಣ ಬಳಿಯುತ್ತಿದ್ದರು. ಕೈಯಲ್ಲಿ ನನ್ನ ಬ್ರಷ್ಷು!

"ಮಾವಾ, ಅದು ನಂದು!"

"ನಿಮ್ದಾ ಅಲ್ಲುಡೂ?" ಅವರ ಕೈ ಅರ್ಧಕ್ಕೇ ನಿಂತಿತು. "ಇದರ ಅವತಾರ ನೋಡಿ ಎಸೆಯೋಕೆ ಇಟ್ಟಿದ್ದೀರಿ ಅನ್ಕೊಂಡಿದ್ದೆ. ಬಂದಾಗಲೆಲ್ಲಾ ಇದ್ರಲ್ಲೇ ಹಚ್ಕೊಂತೀನಿ. ತೊಳೆದೇ ಇಡ್ತೀನ್ರೀ!"

ನಾನು ಹತ್ತು ಸಲ ಬಾಯಿ ಮುಕ್ಕಳಿಸಿದೆ. ನಾಗವೇಣಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಂಜೆಯೇ ಪೇಟೆಗೆ ಹೋಗಿ ಎರಡು ಹೊಸ ಬ್ರಷ್ಷು ತಂದು, ಒಂದನ್ನು ಮಾವನವರಿಗೆ ಕೊಟ್ಟು, ಹಳೆಯದನ್ನು ಕಸದ ಬುಟ್ಟಿಗೆ ಹಾಕಿದೆ.

ಮುಂದಿನ ತಿಂಗಳು ಬಂದವರು ಬಚ್ಚಲಿನಿಂದ ಹೊರಬಿದ್ದಾಗ ಮೂಗಿನ ತುದಿಯಿಂದ ಕಿವಿಯವರೆಗೆ ಕಪ್ಪು ಚುಕ್ಕೆಗಳು.

"ಹೊಸದು ಬಲು ಬಿರುಸು ಅಲ್ಲುಡೂ, ಬಣ್ಣ ಎಲ್ಲಾ ಸಿಡೀತೈತೆ" ಎಂದು ನೊಂದುಕೊಂಡರು. "ಇನ್ಮೇಲೆ ನಿಮ್ದು ಸವೆದ ಮೇಲೆ ನನಗೇ ಕೊಡ್ರಿ."

ಈಗ ನಾನು ಮೂರು ತಿಂಗಳಿಗೊಮ್ಮೆ ತಪ್ಪದೆ ಬ್ರಷ್ಷು ಬದಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಅವರಿಗೆ ಒಪ್ಪಿಸುತ್ತೇನೆ. ಮೊನ್ನೆ ಫೋನು ಬಂತು.

"ಅಲ್ಲುಡೂ, ನಮ್ಮ ಬೀದಿಯಾಗೆ ಇನ್ನಿಬ್ರು ಕೇಳ್ತಾವ್ರೆ. ಸ್ವಲ್ಪ ಜೋರಾಗಿ ಉಜ್ರಿ."