ಅಂಟು ಬಿಟ್ಟ ಆಲೂಗೆಡ್ಡೆ

ಕೊಳ್ಳೇಗಾಲದ ನೇಕಾರರ ಬೀದಿಯ ರಂಗಮ್ಮನಿಗೆ ಅರವತ್ತರ ಹೊತ್ತಿನಲ್ಲಿ ಬಂದ ಸವತಿಯ ಹೆಸರು ಬೋಂಡ. ಗಂಡ ನಂಜುಂಡಯ್ಯನ ಎದೆಗೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಕರಿದದ್ದು ಮುಟ್ಟಲೇಬೇಡಿ ಎಂದು ಡಾಕ್ಟರು ಬೈದೇ ಕಳಿಸಿದ್ದರು. ಆದರೂ ಸಂಜೆಯಾದರೆ ಸಾಕು, ಮಗ್ಗದಿಂದೆದ್ದು ಚಪ್ಪಲಿ ಮೆಟ್ಟುತ್ತಿದ್ದ. ಬರುವಾಗ ಮೂರ್ತಿಯ ಬೋಂಡದಂಗಡಿಯ ವಾಸನೆ ಹೊತ್ತು ಬರುತ್ತಿದ್ದ. ರಂಗಮ್ಮ ಬೈದಳು, ಅತ್ತಳು, ಮಾತು ಬಿಟ್ಟಳು. ಏನೂ ನಾಟಲಿಲ್ಲ. ಹೀಗೇ ಆದರೆ ಇವರನ್ನು ಕಳಕೊಳ್ಳುತ್ತೇನೆ ಎಂಬ ಭಯ ಅವಳಿಗೆ ಅಂಟಿಕೊಂಡುಬಿಟ್ಟಿತ್ತು.

ಯಳಂದೂರಿನಲ್ಲಿ ಟೀಚರಾಗಿದ್ದ ಮಗಳು ಅಂಜನಾ ಒಂದು ಶನಿವಾರ ಬಿಸಿಗಾಳಿಯಲ್ಲೇ ಗರಿಗರಿ ಮಾಡುವ ಏರ್ ಫ್ರೈಯರ್ ತಂದಳು. ಜೊತೆಗೆ ಆಲೂಗೆಡ್ಡೆಯ ಫ್ರೋಜನ್ ಫ್ರೈಸ್ ಪ್ಯಾಕೆಟ್ಟೂ ಇತ್ತು.

"ಏನೇನು ಆಕವ್ರೆ ಓದವ್ವ," ಅಂದಳು ರಂಗಮ್ಮ. ಓದಿದ ಅಂಜನಾ ನಾಲಿಗೆ ಕಚ್ಚಿಕೊಂಡಳು. ಎಣ್ಣೆಯಲ್ಲಿ ಅರ್ಧ ಕರಿದೇ ತುಂಬಿದ್ದರು.

"ಎಣ್ಣೆ ಬ್ಯಾಡ ಅಂತ ಮಿಷಿನ್ ತಂದು, ಎಣ್ಣೆ ಕುಡಿದಿರೋದನ್ನೇ ಅದರೊಳಕ್ಕೆ ಆಕ್ತೀಯೇನೇ? ಎತ್ತಿಡು. ನಾನೇ ಮಾಡ್ತೀನಿ."

ಆಲೂಗೆಡ್ಡೆಯನ್ನು ಬೆರಳುದ್ದಕ್ಕೆ ಹೆಚ್ಚಿದಳು. ಇವು ಗರಿಗರಿಯಾಗುವುದು ಹೇಗೆ? ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಮೆತ್ತಗಿನದನ್ನು ಬಿರುಸು ಮಾಡಲು ಗೊತ್ತಿದ್ದದ್ದು ಒಂದೇ ದಾರಿ, ಗಂಜಿ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಸವರುವ ಹಾಗೆ ಒಂದೊಂದು ಹೋಳಿಗೂ ಅನ್ನದ ಗಂಜಿ ಸವರಿ ಮಿಷಿನ್ನಿನ ಬುಟ್ಟಿಗೆ ತುಂಬಿದಳು. ಅರ್ಧ ಗಂಟೆ ಬಿಟ್ಟು ಎಳೆದರೆ ಅಷ್ಟೂ ಅಂಟಿಕೊಂಡು ಒಂದೇ ಗಟ್ಟಿಯಾಗಿತ್ತು.

ನಂಜುಂಡಯ್ಯ ಅದನ್ನು ಬೆರಳಲ್ಲಿ ಕುಟ್ಟಿ ನೋಡಿದ. "ಇದ್ನ ತಿನ್ಬೇಕಾ, ಬಾಗ್ಲಿಗೆ ಒತ್ತು ಕೊಡ್ಬೇಕಾ?" ಅಂದವನೇ ಚಪ್ಪಲಿ ಮೆಟ್ಟಿದ.

ರಂಗಮ್ಮನಿಗೆ ರೋಷ ಉಕ್ಕಿತು. ದಡಬಡ ಪಾತ್ರೆ ತೊಳೆಯುವಾಗ, ಹೋಳು ಹೆಚ್ಚಿಟ್ಟಿದ್ದ ತಟ್ಟೆ ಕೈಗೆ ಜಿಗುಟು ಜಿಗುಟಾಗಿ ಸಿಕ್ಕಿತು, ನೆಂದ ಹಸಿ ರೇಷ್ಮೆಯ ಹಾಗೆ. ಅಲ್ಲೇ ಹಣೆ ಚಚ್ಚಿಕೊಂಡಳು. ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸದೆ ಯಾವ ರೇಷ್ಮೆಗೆ ಹೊಳಪು ಬಂದೀತು? ಆಲೂಗೆಡ್ಡೆಯದೇ ಅಂಟು ತೆಗೆಯಬೇಕಾದ ಕಡೆ ಮೇಲಿಂದ ಅಂಟು ಬಳಿದಿದ್ದಳಲ್ಲ!

ಮಾರನೆ ದಿನ ಹೋಳುಗಳನ್ನು ಅರ್ಧ ಗಂಟೆ ನೆನೆಹಾಕಿ, ನೀರು ತಿಳಿಯಾಗುವ ತನಕ ನಾಲ್ಕು ಸಲ ತೊಳೆದಳು. ಹಳೇ ಪಂಚೆಯ ಮೇಲೆ ಹರವಿ ಒರೆಸಿದಳು. ಒಂದೇ ಚಮಚ ಎಣ್ಣೆ, ಚಿಟಿಕೆ ಉಪ್ಪು, ಒಂದಿಷ್ಟು ಮೆಣಸಿನ ಪುಡಿ ಹಚ್ಚಿ, ಒತ್ತದೆ ಬಿಡಿಬಿಡಿಯಾಗಿ ಇಟ್ಟಳು. ಈ ಸಲ ಬುಟ್ಟಿ ಅಲ್ಲಾಡಿಸಿದರೆ ಗಲಗಲ ಅಂದವು.

ನಂಜುಂಡಯ್ಯ ಒಂದು ತಿಂದ. ಇನ್ನೊಂದು ತಿಂದ. ಆಮೇಲೆ ಒಂದು ಹಿಡಿ ಪೇಪರಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟ. ಇವತ್ತೂ ಸೋತೆ ಅಂದುಕೊಂಡು ರಂಗಮ್ಮ ಬಾಗಿಲಲ್ಲೇ ಕೂತಳು.

ಅವನು ಬರಿಗೈಯಲ್ಲಿ, ನಗುತ್ತಾ ಬಂದ. "ಮೂರ್ತಿಗೆ ತಿನ್ಸಿ ಬಂದೆ ಕಣೇ. ಯಾವ ಎಣ್ಣೇಲಿ ಕರ್ದ್ರಿ ಅಂತ ಕೇಳ್ತಾನೆ ಬಡ್ಡಿಮಗ!"

"ನೀವು ಬೋಂಡ ತಿನ್ನನಿಲ್ವಾ?"

"ಬಿಸಿಬಿಸೀದು ಮುಂದ್ಕೇ ಇಟ್ಟ. ಬ್ಯಾಡ ಕಣ್ಲಾ, ಮನೇಲಿ ಮಾಡವ್ಳೆ ಅಂದೆ."

ರಂಗಮ್ಮನಿಗೆ ಖುಷಿಗೆ ಕಣ್ಣು ತುಂಬಿತು. ಅವನಿಗೆ ಕಾಣಿಸದ ಹಾಗೆ ಒಳಗೆ ಹೋಗಿ, ಇನ್ನೆರಡು ಆಲೂಗೆಡ್ಡೆ ಹಿಡಿದು ಈಳಿಗೆಮಣೆಯ ಮುಂದೆ ಕೂತಳು.