ಬೇಡ ಎನ್ನದ ಚೀಫ್

ಯುದ್ಧನೌಕೆಗಳ ಗುಂಪೊಂದನ್ನು ನಡೆಸುವ ಅಡ್ಮಿರಲ್‌ಗೆ ಇರುವ ಮುಖ್ಯ ಕೆಲಸ ಸುಮ್ಮನೆ ಕೂರುವುದು. ಹೊರಗಿನವರು ಹೀಗೆ ಹೇಳಿದ್ದರೆ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬಹುದಿತ್ತು. ಹೇಳುತ್ತಿದ್ದವನು ಚೀಫ್. ನಿವೃತ್ತಿಯಾಗುವವರೆಗೂ ಅವನು ವಿಮಾನವಾಹಕ ನೌಕೆಯ ಸಂದೇಶ ಕೋಣೆಗೆ ಮುಖ್ಯಸ್ಥನಾಗಿದ್ದ. ಅಡ್ಮಿರಲ್‌ಗೆ ಬರುವ ಮಾತು, ಅಡ್ಮಿರಲ್ ಬಾಯಿಂದ ಹೊರಡುವ ಮಾತು ಎರಡೂ ಅವನ ಕೈ ದಾಟಿಯೇ ಹೋಗಬೇಕಿತ್ತು. ಬರುವ ಮಾತು ರಾಶಿಗಟ್ಟಲೆ, ಹೊರಡುವುದು ಅಪರೂಪ.

ಸಾಯಂಕಾಲವಾದರೆ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಎದುರು ಮನೆಯ ಪ್ಲಂಬರ್‌ಗೆ ನೌಕಾಪಡೆಯ ಪಾಠ ಶುರುವಾಗುತ್ತಿತ್ತು.

"ನೋಡಪ್ಪ, ನಡುವೆ ನಮ್ಮ ದೊಡ್ಡ ಹಡಗು. ಅದರ ಬೆನ್ನ ಮೇಲೆ ವಿಮಾನಗಳು. ಸುತ್ತ ಕಾವಲಿಗೆ ಸಣ್ಣ ಹಡಗುಗಳು, ಹಿಂದೆ ಎಣ್ಣೆ ಹಡಗು, ನೀರಿನ ಕೆಳಗೆ ಒಂದು ಸಬ್‌ಮರೀನ್. ಆಕಾಶದ ಕಡೆ ನೋಡ್ಕೊಳ್ಳೋಕೆ ಒಬ್ಬ ಕ್ಯಾಪ್ಟನ್, ನೀರಿನ ಕೆಳಗಡೆಗೆ ಇನ್ನೊಬ್ಬ. ಎಲ್ಲರ ಮೇಲೆ ಅಡ್ಮಿರಲ್."

"ಅಂದ್ರೆ ದೊಡ್ಡ ಹಡಗು ನಡೆಸೋದು ಅವರೇನಾ?"

"ಅಯ್ಯೋ, ಎಲ್ಲಿ ಬಂತು! ಅದಕ್ಕೆ ಬೇರೆ ಕ್ಯಾಪ್ಟನ್ ಇರ್ತಾನೆ. ಅಡ್ಮಿರಲ್ ಆ ಹಡಗಲ್ಲಿ ಬಾಡಿಗೆಗಿದ್ದ ಹಾಗೆ. ಊರೆಲ್ಲ ಆಳ್ಬಹುದು, ಮನೆ ಮಾಲೀಕನ ಚುಕ್ಕಾಣಿ ಮಾತ್ರ ಮುಟ್ಟೋ ಹಾಗಿಲ್ಲ."

ಇಷ್ಟು ಜನ ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತ ಕೂತರೆ ಶತ್ರುವಿನ ಕ್ಷಿಪಣಿ ಬಂದು ಊಟ ಮುಗಿಸಿ ಕೈ ತೊಳೆದು ಹೋಗಿರುತ್ತದೆ. ಅದಕ್ಕೇ ಸಮುದ್ರದಲ್ಲಿ ಒಂದು ನಿಯಮ. ಕೆಳಗಿನವನು ಅಪ್ಪಣೆ ಕೇಳುವುದಿಲ್ಲ. 'ನಾನು ಹೀಗೆ ಮಾಡುತ್ತಿದ್ದೇನೆ, ಬೇಡ ಅಂದರೆ ತಿಳಿಸಿ' ಎಂದು ಹೇಳಿ ಕೆಲಸಕ್ಕಿಳಿಯುತ್ತಾನೆ. ಮೇಲಿನವನು ಬಾಯಿ ಬಿಡಬೇಕಾದದ್ದು ತಡೆಯುವುದಿದ್ದರೆ ಮಾತ್ರ. ತುಟಿ ಪಿಟಕ್ಕೆನ್ನದಿದ್ದರೆ ಒಪ್ಪಿಗೆ ಎಂದು ಅರ್ಥ. ತನ್ನ ಜನರನ್ನು ಚೆನ್ನಾಗಿ ಪಳಗಿಸಿದ ಅಡ್ಮಿರಲ್ ದಿನವಿಡೀ ಸುಮ್ಮನಿರಬಲ್ಲ. ಎಲ್ಲದರಲ್ಲೂ ಮೂಗು ತೂರಿಸುವವನು ಅಡ್ಮಿರಲ್ಲೇ ಅಲ್ಲ. ಒಮ್ಮೆ ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲು ಅಡ್ಮಿರಲ್ ತಲೆ ಅಲ್ಲಾಡಿಸಿದರಂತೆ. ಪಕ್ಕದಲ್ಲಿದ್ದ ಎಳೆಯ ಅಧಿಕಾರಿ ಗಾಬರಿಯಿಂದ 'ಬೇಡ' ಎಂದು ರವಾನಿಸಿಬಿಟ್ಟ. ಒಂದು ಕಾವಲು ಹಡಗು ಅರ್ಧ ದಾರಿಯಿಂದ ತಿರುಗಿ ಬಂತು. ಅಂದಿನಿಂದ ಆ ಕೋಣೆಯಲ್ಲಿ ಅಡ್ಮಿರಲ್‌ರ ತಲೆಯನ್ನು ಓದುವ ಹಕ್ಕು ಚೀಫ್ ಒಬ್ಬನಿಗೇ ಉಳಿಯಿತು. ಮೌನಗಳಲ್ಲಿ ಎಷ್ಟು ಬಗೆ ಎಂದು ತನಗೆ ಗೊತ್ತಿದ್ದಷ್ಟು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನ ಜಂಭ.

ಅವನ ಸಂಸಾರವೂ ಇದೇ ನಿಯಮದ ಮೇಲೆ ನಡೆದು ಬಂದಿತ್ತು. ಹಡಗುಕಟ್ಟೆಯ ಗೇಟಿನ ಎದುರು ಸಮವಸ್ತ್ರ ಹೊಲಿಯುವ ಅಂಗಡಿಯೊಂದಿತ್ತು. ತೋಳಿನ ಪಟ್ಟಿ ಹೊಲಿಸಲು ಹೋದವನನ್ನು ಅಲ್ಲಿನ ಹುಡುಗಿ ಅಡಿಯಿಂದ ಮುಡಿವರೆಗೆ ನೋಡಿ, "ತೋಳು ಉದ್ದ ಆಯ್ತು, ಕತ್ತರಿಸ್ತೀನಿ. ಬೇಡ ಅಂದ್ರೆ ಹೇಳಿ," ಎಂದಿದ್ದಳು. ಅವನು ಹೇಳಲಿಲ್ಲ. ಕೆಲವು ತಿಂಗಳ ನಂತರ, ಗುಂಡಿ ಹಾಕಿಸಲು, ಬಿಚ್ಚಿಸಲು, ಮತ್ತೆ ಹಾಕಿಸಲು ಅವನು ಅಲೆದದ್ದೆಲ್ಲ ಆದಮೇಲೆ, "ನಾಳೆ ಅಮ್ಮನ್ನ ನಿಮ್ಮ ಮನೆಗೆ ಕಳಿಸ್ತೀನಿ, ಮದುವೆ ಮಾತಿಗೆ. ಬೇಡ ಅಂದ್ರೆ ಹೇಳಿ," ಎಂದಳು. ಆಗಲೂ ಅವನು ಹೇಳಲಿಲ್ಲ. ನೌಕಾಪಡೆ ತರಬೇತಿ ಕೊಟ್ಟು ಕಲಿಸುವುದನ್ನು ಈ ಹುಡುಗಿ ಹುಟ್ಟುವಾಗಲೇ ಕಲಿತು ಬಂದಿದ್ದಾಳೆಂದು ಅವನಿಗೆ ಹಿಗ್ಗೋ ಹಿಗ್ಗು.

ಆ ಅಂಗಡಿ ಮುಂದೆ ಅವಳದೇ ಆಯಿತು, ಬೀದಿಗೆಲ್ಲ ಅವಳು ಟೈಲರಮ್ಮನಾದಳು. ಅವನು ತಿಂಗಳುಗಟ್ಟಲೆ ಸಮುದ್ರದಲ್ಲಿ. ಸಂಸಾರದ ಸುದ್ದಿಯೆಲ್ಲ ಬಂದರಿನ ಕುಟುಂಬ ಕಚೇರಿಯ ಮೂಲಕ ಚುಟುಕು ಸಂದೇಶಗಳಾಗಿ ಹಡಗು ತಲುಪುತ್ತಿತ್ತು. 'ಮಗಳನ್ನು ದೂರದ ಶಾಲೆಗೆ ಹಾಕುತ್ತಿದ್ದೇನೆ, ಬೇಡ ಅಂದರೆ ತಿಳಿಸಿ.' 'ಮೇಲೆ ಒಂದು ಕೋಣೆ ಎತ್ತಿಸುತ್ತಿದ್ದೇನೆ, ಬೇಡ ಅಂದರೆ ತಿಳಿಸಿ.' ರಜೆಗೆ ಬಂದವನು ಬೂಟು ಬಿಚ್ಚಿ ನೇರ ಕೆಳಗಿನ ಹಳೆಯ ಮಲಗುವ ಕೋಣೆಗೆ ನುಗ್ಗಿದರೆ ಅಲ್ಲಿ ಹೊಲಿಗೆ ಯಂತ್ರಗಳು ಗಡಗಡ ಎನ್ನುತ್ತಿದ್ದವು, ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಇದರಲ್ಲೊಂದು ಚಾಲಾಕಿತನವನ್ನು ಅವನು ಪತ್ತೆ ಮಾಡಿದ್ದ. ಗುಂಪು ಎಲ್ಲಿದೆಯೆಂದು ಯಾರಿಗೂ ಸುಳಿವು ಸಿಗಬಾರದ ಹೊತ್ತಿನಲ್ಲಿ ಹಡಗುಗಳು ರೇಡಿಯೋಗೆ ಬಾಯಿ ಕಟ್ಟಿಬಿಡುತ್ತವೆ. ಹೊರಗಿನ ಮಾತು ಕೇಳಿಸುತ್ತದೆ, ಒಳಗಿನಿಂದ ಸೊಲ್ಲು ಹೊರಡುವಂತಿಲ್ಲ. ಆಗ ಕುಟುಂಬ ಕಚೇರಿಯವರು 'ಸಂದೇಶ ಕೊಡಬಹುದು, ಉತ್ತರ ನಿರೀಕ್ಷಿಸಬೇಡಿ' ಎಂದು ಬಾಗಿಲಿಗೆ ಫಲಕ ತೂಗುಹಾಕುತ್ತಿದ್ದರು. ಉಳಿದ ಹೆಂಡತಿಯರು ಅದನ್ನು ನೋಡಿ ಪೆಚ್ಚಾಗಿ ಮನೆಗೆ ಹೋದರೆ, ಟೈಲರಮ್ಮ ಅಂದೇ ಹೋಗಿ ಸಾಲಿನಲ್ಲಿ ಮೊದಲಿಗಳಾಗಿ ನಿಲ್ಲುತ್ತಿದ್ದಳು. ಅವಳ ದೊಡ್ಡ ನಿರ್ಧಾರಗಳೆಲ್ಲ ಹಡಗು ಬಾಯಿ ಮುಚ್ಚಿದ ಮರುದಿನವೇ ಬರುತ್ತಿದ್ದವು.

"ನಮ್ಮ ಸಂದೇಶ ಕೋಣೆಗೇ ಚಳ್ಳೆಹಣ್ಣು ತಿನ್ನಿಸಿದವಳು ಕಣಯ್ಯ ಅವಳು!" ಎಂದು ಚೀಫ್ ಪ್ಲಂಬರ್‌ನ ತೊಡೆಗೆ ಬಾರಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ. ಈ ಕಥೆಯನ್ನು ಕೇಳದವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

ನಿವೃತ್ತಿಯಾಗಿ ಬಂದ ಹೊಸತರಲ್ಲಿ ಅವನಿಗೆ ಮನೆಯನ್ನೊಂದು ಶಿಸ್ತಿಗೆ ತರುವ ಹುಕಿ ಹುಟ್ಟಿತು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಉಳಿದದ್ದು ಹೆಂಡತಿ ಮತ್ತು ಅತ್ತೆ. ಹೆಂಡತಿ ವಿಮಾನವಾಹಕ ನೌಕೆ, ಅದರಲ್ಲಿ ದೂಸರಾ ಮಾತಿಲ್ಲ. ಮನೆಯ ಎಲ್ಲವೂ ಅವಳ ಮೇಲಿಂದಲೇ ಹಾರಬೇಕು, ಅವಳ ಮೇಲೆಯೇ ಇಳಿಯಬೇಕು. ಅತ್ತೆ ಸಬ್‌ಮರೀನ್. ಹಿತ್ತಲ ಕೋಣೆಯಲ್ಲಿ ಇದ್ದಾಳೋ ಇಲ್ಲವೋ ಎಂಬಂತಿದ್ದು, ಯಾರೂ ಎಣಿಸದ ಹೊತ್ತಿನಲ್ಲಿ ಮೇಲೆದ್ದು ಒಂದೇ ಮಾತಿನಲ್ಲಿ ಮುಳುಗಿಸಿಬಿಡುವವಳು. ದಿನಾ ಬೆಳಗ್ಗೆ ಊಟದ ಮೇಜಿನ ಸುತ್ತ ಸಭೆ ಎಂದು ಚೀಫ್ ಸಾರಿದ. ಮೊದಲ ಸಭೆಯಲ್ಲಿ ಹಾಲು ಉಕ್ಕುವ ಅಪಾಯದ ಕುರಿತು ಅವನು ದೀರ್ಘವಾಗಿ ಮಾತಾಡುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ಟೈಲರಮ್ಮ ಒಲೆ ಒರೆಸುತ್ತ ಅಂದಳು, "ನಾಳೆಯಿಂದ ಈ ಸಭೆ ಇರಲ್ಲ. ಬೇಡ ಅಂದ್ರೆ ಹೇಳಿ."

ಚೀಫ್ ಹೇಳಲಿಲ್ಲ. ಸಭೆ ಅಲ್ಲಿಗೆ ಬರ್ಖಾಸ್ತಾಯಿತು.

ಹೀಗೇ ದಿನ ಉರುಳುತ್ತಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅಂದಳು, "ನನ್ನ ಹಳೇ ಗೆಳತಿ ಫೋನ್ ಮಾಡಿದ್ಲು. ಅವಳಿರೋ ದೊಡ್ಡ ಊರಲ್ಲಿ ಆಸ್ಪತ್ರೆಯವರ ಸಮವಸ್ತ್ರ ಹೊಲಿಯೋ ಕಾರ್ಖಾನೆ ಶುರು ಮಾಡಿದಾಳಂತೆ. ಕತ್ತರಿಸೋ ವಿಭಾಗ ನೀನೇ ನೋಡ್ಕೋಬೇಕು ಅಂತಾಳೆ. ಒಂದು ವರ್ಷ ಅಲ್ಲೇ ಇರಬೇಕಾಗುತ್ತೆ. ಹೋಗೋಣ ಅಂತಿದೀನಿ." ಸ್ವಲ್ಪ ತಡೆದು ಸೇರಿಸಿದಳು, "ಬೇಡ ಅಂದ್ರೆ ಹೇಳಿ."

ಒಂದು ವರ್ಷ! ಚೀಫ್ ಈಗ ತಾನೇ ದಡ ಸೇರಿದ್ದಾನೆ, ಅಷ್ಟರಲ್ಲಿ ಹಡಗೇ ಹೊರಟು ನಿಂತಿದೆ. ಆದರೂ ಅವನು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸಲಿಲ್ಲ. ಬಲ್ಲ ಕೆಲಸಗಾರ್ತಿಗೆ ಅಡ್ಡ ಬರುವವನು ಎಂಥ ಮೇಲಧಿಕಾರಿ? ಅನ್ನ ಕಲಸಿದ, ತಿಂದ, ಕೈ ತೊಳೆದ. ತನ್ನ ಜೀವಮಾನದ ಅತ್ಯಂತ ಘನವಾದ ಮೌನ ಅದೇ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡ.

ಅವಳು ಅವನ ತಟ್ಟೆಯನ್ನು ಎತ್ತಿಕೊಂಡು ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಹೊರಡುವ ಹಿಂದಿನ ದಿನ ಹಿತ್ತಲ ಕೋಣೆಯಿಂದ ಸಬ್‌ಮರೀನ್ ಮೇಲೆದ್ದಿತು. ಚೀಫ್ ಮೆಟ್ಟಿಲ ಮೇಲೆ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನಿವೃತ್ತನ ಬೂಟಿಗೆ ಯಾಕೆ ಪಾಲಿಶ್ ಎಂದು ಕೇಳುವವರಿರಲಿಲ್ಲ.

"ಅಳಿಯಂದ್ರೇ, ಅವಳು ಬೆಳಗ್ಗೆಯಿಂದ ಪೆಟ್ಟಿಗೆ ತುಂಬ್ತಾಳೆ, ಎಲ್ಲಾ ತೆಗೆದು ಹಾಸಿಗೆ ಮೇಲೆ ಸುರೀತಾಳೆ, ಮತ್ತೆ ತುಂಬ್ತಾಳೆ. ನೋಡಿದ್ರಾ?"

"ಅಚ್ಚುಕಟ್ಟು ಅತ್ತೆ, ಅವಳು ಮೊದಲಿಂದ ಹಾಗೇ."

"ಅಚ್ಚುಕಟ್ಟಂತೆ! ಪೆಟ್ಟಿಗೆ ಸಪ್ಪಳ ಕೇಳಿಸ್ಕೊಂಡಾದ್ರೂ ಒಬ್ಬ ಎದ್ದು ಬರ್ತಾನೇನೋ ಅಂತ ಕಾಯ್ತಾ ಇದಾಳೆ. ನೀವು ಇಲ್ಲಿ ಬೂಟು ತಿಕ್ಕಿ."

ಅಷ್ಟು ಹೇಳಿ ಅತ್ತೆ ಮತ್ತೆ ಮುಳುಗಿದಳು. ಚೀಫ್ ಬ್ರಷ್ಷು ಹಿಡಿದುಕೊಂಡೇ ಮೇಲಿನ ಕೋಣೆಗೆ ಹತ್ತಿದ. ಹಾಸಿಗೆ ತುಂಬ ಬಟ್ಟೆ. ಟೈಲರಮ್ಮ ಒಂದು ಸ್ವೆಟರನ್ನು ಮಡಚುತ್ತಿದ್ದಳು.

"ನಾನು ಬೇಡ ಅನ್ನಬೇಕಿತ್ತಾ?"

"ಬೇಡ ಅಂದಿದ್ರೂ ಹೋಗ್ತಿದ್ದೆ. ನಂಗೆ ಆ ಕೆಲಸ ಇಷ್ಟ."

"ಮತ್ತೇನು?"

ಅವಳು ಸ್ವೆಟರನ್ನು ಕೆಳಗಿಟ್ಟಳು. "ಮಗಳು ಹುಟ್ಟಿದಾಗ ಹೆಸರೊಂದು ಆರಿಸಿ ಸಂದೇಶ ಕಳಿಸಿದ್ದೆ, ನೆನಪಿದೆಯಾ? ಆಗ ನಿಮ್ಮ ಹಡಗು ಬಾಯಿ ಮುಚ್ಚಿರಲಿಲ್ಲ. ಬೇರೆಯವರ ಗಂಡಂದಿರೆಲ್ಲ ಉತ್ತರ ಕಳಿಸ್ತಿದ್ರು. ಒಬ್ಬ ಏನೂ ತೋಚದೆ ಹಡಗಿನ ಅಡುಗೆಮನೇಲಿ ಇಲಿ ಸೇರ್ಕೊಂಡಿದೆ ಅಂತ ಕಳಿಸಿದ್ದ. ನಾನು ಮಗು ಎತ್ಕೊಂಡು ದಿನಾ ಆ ಕಚೇರಿಗೆ ಹೋಗ್ತಿದ್ದೆ."

"ಹೆಸರು ಚೆನ್ನಾಗಿತ್ತಲ್ಲ! ಬೇಡ ಅನ್ನೋಕೆ ಏನಿತ್ತು? ಅದಕ್ಕೇ ಸುಮ್ಮನಿದ್ದೆ."

"ಚೆನ್ನಾಗಿತ್ತು ಅಂತ ಹೇಳ್ಬಹುದಿತ್ತು." ಅವಳ ದನಿ ಏರಲಿಲ್ಲ. "ಆಮೇಲೆ ನಾನೇ ಒಂದು ದಾರಿ ಕಂಡ್ಕೊಂಡೆ. ಬಾಗಿಲಿಗೆ ಫಲಕ ಹಾಕಿದ ದಿನ ನೋಡಿ ಕಳಿಸ್ತಿದ್ದೆ. ಉತ್ತರ ಕಳಿಸೋಕೆ ಆಗಲ್ಲ ಅಂತ ಗೊತ್ತಿದ್ರೆ, ಉತ್ತರ ಬರಲಿಲ್ಲ ಅಂತ ಅಳು ಬರಲ್ಲ ನೋಡಿ. ನೀವು ಅದನ್ನೇ ಬೀದಿಗೆಲ್ಲ ಹೇಳ್ಕೊಂಡು ನಗ್ತೀರಿ. ನಗಿ. ನಾನೂ ನಗ್ತೀನಿ."

ಚೀಫ್ ಕೈಯಲ್ಲಿದ್ದ ಬ್ರಷ್ಷನ್ನು ನೋಡಿಕೊಂಡ. ಮೌನಗಳನ್ನು ಓದುವುದರಲ್ಲಿ ಮಹಾ ಪಂಡಿತ! ಅಡ್ಮಿರಲ್ ನೊಣಕ್ಕೆ ತಲೆ ಅಲ್ಲಾಡಿಸಿದರೂ ಅರ್ಥ ಹೇಳಬಲ್ಲವನಿಗೆ ಸ್ವಂತ ಹೆಂಡತಿ ಬಂದರಿನಲ್ಲಿ ಮಗು ಎತ್ತಿಕೊಂಡು ನಿಂತದ್ದು ಕಂಡಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹೊರಟ ಮಾತು, "ಈ ಬ್ರಷ್ಷು ಎಲ್ಲಿಡಲಿ?"

"ನನ್ನ ತಲೆ ಮೇಲಿಡಿ," ಎಂದು ಅವಳು ಪೆಟ್ಟಿಗೆಯ ಕಡೆ ತಿರುಗಿದಳು.

ಮರುದಿನ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಅವಳು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಪೆಟ್ಟಿಗೆ ಮೇಲೆ ಹಾಕಿ ಕೆಳಗಿಳಿದ ಚೀಫ್ ಕಂಬದ ಮರೆಗೆ ಹೋಗಿ ತನ್ನ ಹಡಗಿನ ಕಾಲದ ಉದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದ. ಅದನ್ನು ಮುಂಚೆಯೇ ತಂದು ಚಹಾ ಅಂಗಡಿಯವನ ವಶಕ್ಕೆ ಕೊಟ್ಟಿದ್ದ. ಕಿಟಕಿಯ ಕೆಳಗೆ ನಿಂತು ಗಂಟಲು ಸರಿಪಡಿಸಿಕೊಂಡ.

"ನಾನೂ ಬರ್ತಿದೀನಿ," ಅಂದ. "ಬೇಡ ಅಂದ್ರೆ ಹೇಳು."

ಟೈಲರಮ್ಮ ಅವನನ್ನು ನೋಡಿದಳು, ಚೀಲವನ್ನು ನೋಡಿದಳು, ಆಮೇಲೆ ನೇರ ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಕೂತುಬಿಟ್ಟಳು. ಡ್ರೈವರ್ ಇಂಜಿನ್ ಶುರು ಮಾಡಿದ. ನಿಯಮದ ಪ್ರಕಾರ ಒಪ್ಪಿಗೆ ಸಿಕ್ಕಾಗಿತ್ತು, ಸೀದಾ ಹತ್ತಿ ಕೂರಬಹುದಿತ್ತು. ಚೀಫ್‌ಗೆ ಕಾಲೇ ಏಳಲಿಲ್ಲ. ಇಷ್ಟು ವರ್ಷ ಮೌನದ ಮೇಲ್ಬದಿಯಲ್ಲಿ ಹಾಯಾಗಿ ಕೂತಿದ್ದವನು ಮೊದಲ ಸಲ ಅದರ ಕೆಳಗೆ ನಿಂತಿದ್ದ. ಕಂಡಕ್ಟರ್ ಬಾಗಿಲು ತಟ್ಟಿ, "ಯಜಮಾನ್ರೇ, ಹತ್ತೋದಾದ್ರೆ ಹತ್ತಿ," ಎಂದ.

"ಏನಾದ್ರೂ ಹೇಳೇ!" ಎಂದು ಚೀಫ್ ಕೂಗಿದ. ಬಸ್ಸಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. "ಬಾಯಿಬಿಟ್ಟು ಏನಾದ್ರೂ ಒಂದು ಹೇಳು!"

ಟೈಲರಮ್ಮ ಕಿಟಕಿಗೆ ಬಾಗಿದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಬೇಡ," ಅಂದಳು. "ಅಮ್ಮ ಒಬ್ಬಳೇ ಆಗ್ತಾಳೆ. ಮತ್ತೆ ನೀವು ಬಂದ್ರೆ ಅಲ್ಲಿನ ಟೈಲರ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಭೆ ಶುರು ಮಾಡ್ತೀರಿ. ಬೇಡವೇ ಬೇಡ. ರಜೆಗೆ ನಾನೇ ಬರ್ತೀನಿ, ಮಧ್ಯೆ ಬೇಜಾರಾದ್ರೆ ನೀವು ಬನ್ನಿ. ಮನೆಗೆ ಹೋಗ್ರೀ!"

ಬಸ್ಸು ಹೊರಟಿತು. ಚೀಫ್ ಚೀಲ ಹೊತ್ತುಕೊಂಡೇ ನಡೆದು ಮನೆಗೆ ಬಂದ. ಅತ್ತೆ ಬಾಗಿಲಲ್ಲೇ ಕಾದಿದ್ದಳು.

"ಏನಂದ್ಲು?"

"ಬೇಡ ಅಂದ್ಲು ಅತ್ತೆ."

"ಅದಕ್ಕೆ ಹೀಗೆ ಹಲ್ಲು ಬಿಡ್ತಿದೀರಾ?"

ಸಾಯಂಕಾಲ ಅವನ ಫೋನಿಗೆ ಸಂದೇಶ ಬಂತು. 'ತಲುಪಿದೆ. ಕೋಣೆ ಗೋಡೆ ಕೊಳಕಾಗಿದೆ. ತಿಳಿ ಹಸಿರು ಬಣ್ಣ ಹೊಡೆಸುತ್ತಿದ್ದೇನೆ, ಬೇಡ ಅಂದರೆ ತಿಳಿಸಿ.'

ಚೀಫ್‌ಗೆ ಬಣ್ಣಗಳ ಬಗ್ಗೆ ಜನ್ಮದಲ್ಲಿ ಯಾವ ಅಭಿಪ್ರಾಯವೂ ಇರಲಿಲ್ಲ. ಅವನು ಕಂಡ ಹಡಗುಗಳೆಲ್ಲ ಬೂದು. ಆದರೂ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದ. 'ಬೇಡ. ಹಳದಿ.'

ಮರುಕ್ಷಣವೇ ಫೋನು ಹೊಡೆದುಕೊಂಡಿತು. ಹಳದಿ ಗೋಡೆಯೊಳಗೆ ಬದುಕಲು ತಾನೇನು ನಿಂಬೆಹಣ್ಣೇ ಎಂದು ಅವಳು ಕೇಳಿದಳು. ಹಸಿರು ನೋಡಿದರೆ ಆಸ್ಪತ್ರೆಯ ನೆನಪಾಗುತ್ತದೆ ಎಂದು ಅವನು ವಾದಿಸಿದ. ಆಸ್ಪತ್ರೆ ಬಟ್ಟೆ ಹೊಲಿಯಲೆಂದೇ ಬಂದವಳಿಗೆ ಆಸ್ಪತ್ರೆಯ ನೆನಪಾದರೆ ಏನು ಕೆಟ್ಟಿತು ಎಂದು ಅವಳು ದನಿ ಏರಿಸಿದಳು. ಪ್ಲಂಬರ್ ಎಂದಿನಂತೆ ಮೆಟ್ಟಿಲಿಗೆ ಬಂದು ಕೂತು, ಇಂದು ನೌಕಾಪಡೆಯ ಪಾಠ ಇಲ್ಲವೆಂದು ತಿಳಿದು ಎದ್ದು ಹೋದ. ಗಂಡ ಹೆಂಡತಿ ಜಗಳವಾಡುತ್ತಲೇ ಇದ್ದರು, ಫೋನಿನ ಚಾರ್ಜು ಮುಗಿಯುತ್ತ ಬಂದರೂ ಇಬ್ಬರಿಗೂ ಬಿಡುವ ಮನಸ್ಸಿಲ್ಲ. ಕೊನೆಗೆ ಹಸಿರೇ ಆಯಿತು.